ಬೀಗದ ಪಕ್ಕ ಬೀಗ, ಮುಖವಾಡದ ಪಕ್ಕ ಮುಖವಾಡ

ಕೇಳುಗರಿಗೆ ನಮಸ್ಕಾರ. ಇವತ್ತು ಒಂದು ವಿಚಿತ್ರ ಮ್ಯೂಸಿಯಂ ಬಗ್ಗೆ ಮಾತಾಡೋಣ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪಿಟ್ ರಿವರ್ಸ್ ಮ್ಯೂಸಿಯಂ. ಮನುಷ್ಯರ ಬದುಕನ್ನು ಓದುವ ಮಾನವಶಾಸ್ತ್ರಕ್ಕೆ ಸೇರಿದ್ದು.

ಅಲ್ಲಿಗೆ ಹೋಗಲು ಮೊದಲು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ದಾಟಬೇಕು. ಗಾಜಿನ ಚಾವಣಿ, ಬೇಕಾದಷ್ಟು ಬೆಳಕು, ಡೈನೋಸಾರ್ ಅಸ್ಥಿಪಂಜರಗಳು. ಹಿಂಬದಿಯ ಬಾಗಿಲು ದಾಟಿದರೆ ಮಬ್ಬುಗತ್ತಲೆ. ಜಾಸ್ತಿ ಬೆಳಕು ಬಿದ್ದರೆ ಹಳೆಯ ಬಟ್ಟೆ, ಗರಿಗಳು ಹಾಳಾಗುತ್ತವೆ, ಅದಕ್ಕೇ. ಅಟ್ಟದಲ್ಲಿ ತುಂಬಿಟ್ಟ ಸಾಮಾನಿನ ಹಾಗೆ ಗಾಜಿನ ಕಪಾಟುಗಳ ತುಂಬ ವಸ್ತುಗಳು. ಕೆಲವು ಕಪಾಟುಗಳ ಕೆಳಗಿನ ಡ್ರಾಯರುಗಳನ್ನು ನೀವೇ ಎಳೆದು ನೋಡಬಹುದು. ಟಿಕೆಟ್ಟಿಲ್ಲ.

ಬೇರೆ ಮ್ಯೂಸಿಯಂಗಳಲ್ಲಿ ಆಫ್ರಿಕಾಕ್ಕೆ ಒಂದು ಕೋಣೆ, ಏಷ್ಯಾಕ್ಕೆ ಒಂದು ಕೋಣೆ ಇರುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ಲೋಕದ ಬೀಗಗಳೆಲ್ಲ ಒಂದು ಕಡೆ, ದೀಪಗಳೆಲ್ಲ ಒಂದು ಕಡೆ. ಜಪಾನಿನ ನಾಟಕದ ಮುಖವಾಡಗಳು, ಆಫ್ರಿಕಾದ ಮುಖವಾಡಗಳು ಅಕ್ಕಪಕ್ಕ. ನನಗಂತೂ ಇದು ತುಂಬ ಇಷ್ಟ. ಕಳ್ಳರ ಭಯ ಎಲ್ಲರಿಗೂ ಒಂದೇ, ಅದಕ್ಕೆ ಕಂಡುಕೊಂಡ ಉಪಾಯ ಮಾತ್ರ ನೂರು ಬಗೆ.

ಆದರೆ ಈ ಜೋಡಣೆಯ ಹಿಂದೆ ಒಂದು ತಕರಾರಿನ ಕಥೆಯಿದೆ. ಮ್ಯೂಸಿಯಂಗೆ ಯಾರ ಹೆಸರಿದೆಯೋ ಆ ಪಿಟ್ ರಿವರ್ಸ್ ಸೈನ್ಯದ ಅಧಿಕಾರಿ. ಬಂದೂಕುಗಳು ಹೇಗೆ ಸಣ್ಣ ಸಣ್ಣ ಬದಲಾವಣೆಯಿಂದ ಸುಧಾರಿಸುತ್ತವೆ ಅನ್ನೋದನ್ನು ನೋಡಿದವರು. ಎಲ್ಲ ವಸ್ತುಗಳೂ ಹಾಗೇ, ಸರಳದಿಂದ ಜಟಿಲಕ್ಕೆ ಮೆಟ್ಟಿಲೇರುತ್ತವೆ ಅಂದುಕೊಂಡರು. ಅಲ್ಲಿಂದ ಮುಂದಕ್ಕೆ, ಕೆಲವು ಜನ ಮೇಲಿನ ಮೆಟ್ಟಿಲಲ್ಲಿದ್ದಾರೆ, ಕೆಲವರು ಕೆಳಗಿದ್ದಾರೆ ಅನ್ನುವುದಕ್ಕೆ ಎಷ್ಟು ದೂರ? 1884ರಲ್ಲಿ ಅವರು ಸುಮಾರು 26,000 ವಸ್ತುಗಳನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಮಾನವಶಾಸ್ತ್ರ ಕಲಿಸಲು ಒಬ್ಬ ಅಧ್ಯಾಪಕರನ್ನು ನೇಮಿಸಬೇಕು ಅಂತ ಷರತ್ತೂ ಹಾಕಿದರು. ಆ ಹುದ್ದೆಗೆ ಬಂದವರು ಎಡ್ವರ್ಡ್ ಟೈಲರ್. ಮೆಟ್ಟಿಲಿನ ವಾದ ಯಾವತ್ತೋ ಬಿದ್ದುಹೋಯಿತು. ಜೋಡಣೆ ಉಳಿಯಿತು.

ಒಂದು ಕಪಾಟಿನಲ್ಲಿ ದಕ್ಷಿಣ ಅಮೆರಿಕದ ಶುವಾರ್ ಮತ್ತು ಅಚುವಾರ್ ಜನ ಕುಗ್ಗಿಸಿಟ್ಟಿದ್ದ ತಲೆಗಳಿದ್ದವು. ಜನ ಮುಗಿಬಿದ್ದು ನೋಡುತ್ತಿದ್ದರು. 2020ರಲ್ಲಿ ಅವನ್ನು ತೆಗೆದರು. 2017ರಲ್ಲಿ ಪೂರ್ವ ಆಫ್ರಿಕಾದ ಮಾಸಾಯಿ ಜನ ಬಂದು ತಮ್ಮವರ ವಸ್ತುಗಳನ್ನು ನೋಡಿ, ಇವುಗಳಲ್ಲಿ ಕೆಲವನ್ನು ನಮ್ಮಲ್ಲಿ ಯಾರೂ ಮಾರುವುದಿಲ್ಲ, ದಾನವನ್ನೂ ಕೊಡುವುದಿಲ್ಲ ಅಂದರು. ಹಾಗಿದ್ದರೆ ಇಲ್ಲಿಗೆ ಹೇಗೆ ಬಂದವು? ಕಪಾಟಿನ ಪುಟ್ಟ ಚೀಟಿಯಲ್ಲಿ ಆ ಪ್ರಶ್ನೆಗೆ ಜಾಗ ಇರಲಿಲ್ಲ.

ಹೈಡಾ ಜನರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕೆನಡಾದ ಪಶ್ಚಿಮ ಕರಾವಳಿಯ ಆಚೆ, ಹೈಡಾ ಗ್ವಾಯಿ ದ್ವೀಪಗಳವರು. ಅವರ ಒಂದು ಮನೆಯ ಮುಂದಿದ್ದ ಕೆತ್ತನೆಯ ಕಂಬ 1901ರಲ್ಲಿ ಇಲ್ಲಿಗೆ ಬಂತು. ಹನ್ನೊಂದು ಮೀಟರಿಗೂ ಎತ್ತರ. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳೋದು ಅದೇ. 2009ರಲ್ಲಿ ಹೈಡಾ ಜನರ ಒಂದು ತಂಡ ಇಲ್ಲಿಗೆ ಬಂದು, ತಮ್ಮ ಹಿರಿಯರು ಮಾಡಿದ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿತು. ಅವುಗಳಲ್ಲಿ ಒಂದು ದೊಡ್ಡ ಮರದ ಪೆಟ್ಟಿಗೆ. ಇಂಥ ಪೆಟ್ಟಿಗೆಗೆ ಒಂದೇ ಹಲಗೆ ಸಾಕು. ಮೂರು ಕಡೆ ಉದ್ದಕ್ಕೆ ತೋಡು ಕೊರೆದು, ಹಬೆ ಕೊಟ್ಟು ಬಗ್ಗಿಸಿದರೆ ನಾಲ್ಕೂ ಗೋಡೆ ತಯಾರು. ನಾಲ್ಕನೇ ಮೂಲೆಯಲ್ಲಿ ಮಾತ್ರ ಜೋಡಣೆ. 2014ರಲ್ಲಿ ಇಬ್ಬರು ಹೈಡಾ ಕೆತ್ತನೆಗಾರರು ಮತ್ತೆ ಬಂದರು. ಆ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಂಡು ಗೆರೆಗೆ ಗೆರೆ ನೋಡುತ್ತ ಹೊಸದೊಂದನ್ನು ಕೆತ್ತಿದರು. ಹೆಸರು ಗೊತ್ತಿಲ್ಲದ ಆ ಹಳೆಯ ಕುಶಲಕರ್ಮಿಯೇ ಅವರಿಗೆ ಗುರು. ಹೊಸ ಪೆಟ್ಟಿಗೆ ದ್ವೀಪಕ್ಕೆ, ಹಳೆಯದು ಆಕ್ಸ್‌ಫರ್ಡಿಗೆ. ಇದೇ ಸರಿಯಾದ ಪಾಲು ಅಂತ ನಾನು ಹೇಳಲಾರೆ.

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಎಲ್ಲವನ್ನೂ ನೋಡುತ್ತೇನೆ ಅಂತ ಓಡಬೇಡಿ, ಕಾಲು ನೋವಷ್ಟೇ ಸಿಗುತ್ತದೆ. ಒಂದೆರಡು ಕಪಾಟು ಆರಿಸಿಕೊಳ್ಳಿ. ಚೀಟಿಗಳ ಅಕ್ಷರ ಬಹಳ ಸಣ್ಣದು, ಕನ್ನಡಕ ಮರೆಯಬೇಡಿ. ನಮಸ್ಕಾರ.