ಶಿಕ್ಷೆ ಮುಗಿದವರಿಗೆ ಕೆಲಸ ಕೊಡುವವರು ಯಾರು?

ಕೇಳುಗರಿಗೆ ನಮಸ್ಕಾರ.

ಜೈಲಿನಿಂದ ಬಂದವರಿಗೆ ಕೆಲಸ ಸಿಗುವುದು ಕಷ್ಟ ಅಂತ ಎಲ್ಲರಿಗೂ ಗೊತ್ತು. ಎಷ್ಟು ಕಷ್ಟ? ಅಮೆರಿಕದ ಮಿಲ್ವಾಕಿ ನಗರದಲ್ಲಿ ಡೆವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಇಬ್ಬರು ಬಿಳಿಯರು, ಇಬ್ಬರು ಕಪ್ಪು ವರ್ಣದವರು, ಹೀಗೆ ನಾಲ್ವರು ಯುವಕರನ್ನು ಕೆಲಸ ಕೇಳಲು ಕಳಿಸಿದರು. ಓದು, ಅನುಭವ ಹೆಚ್ಚುಕಮ್ಮಿ ಒಂದೇ. ಜೋಡಿಯಲ್ಲಿ ಒಬ್ಬ ಮಾತ್ರ ಡ್ರಗ್ಸ್ ಕೇಸಿನಲ್ಲಿ ಜೈಲಿಗೆ ಹೋಗಿ ಬಂದವನಂತೆ ಅರ್ಜಿ ಹಾಕುತ್ತಿದ್ದ. 2003ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೇಸಿಲ್ಲದ ಬಿಳಿಯನಿಗೆ 100ಕ್ಕೆ 34 ಕಡೆಯಿಂದ ಕರೆ ಬಂದಿತ್ತು, ಕೇಸಿದ್ದವನಿಗೆ 17. ಕಪ್ಪು ವರ್ಣದವರಲ್ಲಿ 14 ಮತ್ತು 5. ಅಂದರೆ ಯಾವ ತಪ್ಪೂ ಮಾಡದ ಕಪ್ಪು ಹುಡುಗನಿಗಿಂತ ಜೈಲು ಕಂಡ ಬಿಳಿ ಹುಡುಗನಿಗೇ ಕರೆ ಜಾಸ್ತಿ!

ಸುಮ್ನೆ ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಗಲ್ಲಾಪೆಟ್ಟಿಗೆ ಇಟ್ಟುಕೊಂಡವರಿಗೆ ಭಯ ಇದ್ದೇ ಇರುತ್ತದೆ. ನಮ್ಮಲ್ಲೂ ಡ್ರೈವರ್ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಕೇಳುತ್ತಾರೆ, ಅಲ್ವಾ? ಅಮೆರಿಕ ಸರ್ಕಾರ ಅದಕ್ಕೇ 1966ರಿಂದ ಒಂದು ಬಾಂಡ್ ಕೊಡುತ್ತಿದೆ. ಮೊದಲ 6 ತಿಂಗಳಲ್ಲಿ ನೌಕರ ಕದ್ದರೆ ಒಂದು ಮಿತಿಯವರೆಗೆ ನಷ್ಟ ತುಂಬಿಕೊಡುತ್ತದೆ. ಮಾಲೀಕರು ಪೈಸೆ ಕಟ್ಟಬೇಕಿಲ್ಲ.

ಆದರೆ ಹೊತ್ತಿಗೆ ಸರಿಯಾಗಿ ಬರುತ್ತಾನಾ, ಹೇಳಿದ ಮಾತು ಕೇಳುತ್ತಾನಾ? ಬಾಂಡ್ ಇದನ್ನು ಹೇಳುವುದಿಲ್ಲ. ಜೊತೆಗಿದ್ದು ನೋಡಿದವರೇ ಹೇಳಬೇಕು. ನ್ಯೂಯಾರ್ಕಿನ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಆಪರ್ಚುನಿಟೀಸ್ ಎಂಬ ಸಂಸ್ಥೆ ಮಾಡುವುದು ಇದನ್ನೇ. ಜೈಲಿನಿಂದ ಬಂದವರನ್ನು ಮೊದಲು ತನ್ನ ಗುಂಪಿಗೇ ಸೇರಿಸಿಕೊಳ್ಳುತ್ತದೆ. ಗುಡಿಸುವುದು, ಕಟ್ಟಡ ನೋಡಿಕೊಳ್ಳುವುದು, ಇಂಥ ಕೆಲಸ. ಮೇಸ್ತ್ರಿ ದಿನಾ ಗಮನಿಸುತ್ತಾರೆ: ಎಷ್ಟು ಹೊತ್ತಿಗೆ ಬಂದ, ಜೊತೆಯವರೊಡನೆ ಹೇಗಿದ್ದ? ಕೂಲಿ ಅವತ್ತಿನದು ಅವತ್ತೇ ಕೈಗೆ. ಬಸ್ಸಿಗೂ ಕಾಸಿಲ್ಲದವನಿಗೆ ತಿಂಗಳ ಕೊನೆಯ ಸಂಬಳ ಯಾಕೆ ಬೇಕು ಹೇಳಿ! ಆಮೇಲೆ ಹೊರಗಿನ ಕಂಪನಿಗಳಲ್ಲಿ ಕೆಲಸ ಹುಡುಕಿಕೊಡುತ್ತಾರೆ. ಸೇರಿದ ಮೇಲೂ ಸಂಸ್ಥೆಯವರು ಸಂಪರ್ಕದಲ್ಲಿರುತ್ತಾರೆ. ಎಡವಟ್ಟಾದರೆ ಮಾಲೀಕ ಫೋನ್ ಮಾಡಲು ಒಬ್ಬರಿರುತ್ತಾರೆ.

ಫಲ ಸಿಕ್ಕಿತೇ? ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ 3 ವರ್ಷ ಬೆನ್ನುಹತ್ತಿ ನೋಡಿತು. ಮತ್ತೆ ಅಪರಾಧದ ದಾರಿ ಹಿಡಿಯುವವರು ಕಡಿಮೆಯಾಗಿದ್ದರು. ಅದರಲ್ಲೂ ಬಿಡುಗಡೆಯಾಗಿ 3 ತಿಂಗಳೊಳಗೆ ಸೇರಿದವರಲ್ಲಿ ಲಾಭ ಎದ್ದು ಕಂಡಿತು. ಆದರೆ ಸಂಸ್ಥೆ ಕೊಟ್ಟ ಕೆಲಸ ಮುಗಿದ ಮೇಲೆ ಹೊರಗಿನ ಕೆಲಸದಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಉಳಿಯಲಿಲ್ಲ.

ನನಗನ್ನಿಸುವುದು, ಮಾಲೀಕರು ಕೊನೆಗೆ ಬಂದರೆ ತಡವಾಗುತ್ತದೆ. ಆ ಗುಂಪು ಗುಡಿಸುತ್ತಿರುವಾಗಲೇ ಒಂದು ಸಲ ಹೋಗಿ ಮೇಸ್ತ್ರಿಯನ್ನು ಮಾತಾಡಿಸಿ, ತಮಗೆ ಎಂಥವರು ಬೇಕು ಅಂತ ಆಗಲೇ ಹೇಳಿಬಿಡಬೇಕು.