ಬೆನ್ನ ಮೇಲಿನ ಸಂಖ್ಯೆ

ಆಕಾಶವಾಣಿ ಧಾರವಾಡ ಕೇಂದ್ರದ ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿಯ ನೆಹರೂ ಮೈದಾನದಲ್ಲಾಗಲಿ, ಧಾರವಾಡದ ಕರ್ನಾಟಕ ಕಾಲೇಜಿನ ಮೈದಾನದಲ್ಲಾಗಲಿ ಸಂಜೆ ಫುಟ್‌ಬಾಲ್ ಆಡುವ ಹುಡುಗರ ಬೆನ್ನನ್ನು ಗಮನಿಸಿ. ಗೋಲ್‌ಕೀಪರನನ್ನೂ ಸೇರಿಸಿ ಅರ್ಧ ತಂಡ ಹತ್ತನೆಯ ನಂಬರಿನ ಜೆರ್ಸಿಯನ್ನೇ ತೊಟ್ಟಿರುತ್ತದೆ. ಅಂಗಿಯ ಸಂಖ್ಯೆ ಆಟಗಾರನ ಜಾಗವನ್ನು ತಿಳಿಸಲು ಹುಟ್ಟಿತು ಎಂಬ ಒಂದೇ ಮಾತನ್ನು ಇಂದು ಪಾಲಕರಿಗೂ ಮಕ್ಕಳಿಗೂ ಹೇಳಬಯಸುತ್ತೇನೆ.

ಇಂಗ್ಲೆಂಡಿನಲ್ಲಿ 1928ರ ಆಗಸ್ಟ್ 25ರಂದು ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ತಂತಮ್ಮ ಲೀಗ್ ಪಂದ್ಯಗಳಲ್ಲಿ ಸಂಖ್ಯೆ ಧರಿಸಿ ಆಡಿದವು. ಗೋಲ್‌ಕೀಪರನಿಗೆ 1, ಗೋಲಿನ ಮುಂದೆ ರಕ್ಷಣೆಗೆ ನಿಲ್ಲುವ ಇಬ್ಬರು ಬ್ಯಾಕ್‌ಗಳಿಗೆ 2 ಮತ್ತು 3, ಅವರ ಮುಂದೆ ಮಧ್ಯಭಾಗದಲ್ಲಿ ಆಡುವ ಮೂವರು ಹಾಫ್‌ಗಳಿಗೆ 4ರಿಂದ 6, ಮುಂಚೂಣಿಯ ಐವರಿಗೆ ಬಲತುದಿಯ 7ರಿಂದ ಎಡತುದಿಯ 11ರವರೆಗೆ ಎಂಬ ಕ್ರಮ ಮುಂದೆ ನೆಲೆನಿಂತಿತು. ಅಂದರೆ ಸಂಖ್ಯೆಯೇ ಜಾಗ.

ಹಾಗಾದರೆ ಹತ್ತಕ್ಕೆ ಈ ವೈಭವ ಬಂದದ್ದು ಹೇಗೆ? 1958ರಲ್ಲಿ ಸ್ವೀಡನ್ನಿನ ವಿಶ್ವಕಪ್ಪಿಗೆ ಬ್ರೆಜಿಲ್ ತನ್ನ ಆಟಗಾರರ ಪಟ್ಟಿಯನ್ನು ಸಂಖ್ಯೆಗಳನ್ನೇ ನಮೂದಿಸದೆ ಕಳುಹಿಸಿತೆಂದೂ, ಕೊನೆಗೆ ಅಧಿಕಾರಿಗಳೇ ತೋಚಿದಂತೆ ಹಂಚಿದರೆಂದೂ ಹೇಳುತ್ತಾರೆ. ಪಟ್ಟಿಯನ್ನು ನೋಡಿದರೆ ನಂಬಲೇಬೇಕು: ಗೋಲ್‌ಕೀಪರ್ ಗಿಲ್ಮಾರ್‌ಗೆ 3, ರಕ್ಷಣೆಯಲ್ಲಿ ಆಡುವ ಜೋಜಿಮೊಗೆ 9, ಬಲತುದಿಯ ಗರಿಂಚಾಗೆ ಎಡತುದಿಯ 11! ಮೊಣಕಾಲಿನ ನೋವಿನಿಂದ ಮೊದಲ ಎರಡು ಪಂದ್ಯಗಳನ್ನು ಆಡದಿದ್ದ ಹದಿನೇಳರ ಹುಡುಗನೊಬ್ಬನ ಪಾಲಿಗೆ 10 ಬಂತು. ಆ ಹುಡುಗ ಪೆಲೆ, ವೇಲ್ಸ್ ವಿರುದ್ಧ ಒಂದು, ಫ್ರಾನ್ಸ್ ವಿರುದ್ಧ ಮೂರು, ಫೈನಲಿನಲ್ಲಿ ಸ್ವೀಡನ್ ವಿರುದ್ಧ ಎರಡು ಗೋಲು ಹೊಡೆದ ಮೇಲೆ ಹತ್ತರ ಅದೃಷ್ಟವೇ ಬದಲಾಯಿತು. ಆದರೆ ಅಂದು ಕಪ್ ಎತ್ತಿಹಿಡಿದ ನಾಯಕ ಬೆಲ್ಲಿನಿಯ ಬೆನ್ನ ಮೇಲೆ ಇದ್ದದ್ದು 2. ಇದನ್ನು ನಮ್ಮ ಹುಡುಗರಿಗೆ ಎಷ್ಟು ಸಲ ಹೇಳಿದರೂ ಎರಡನೆಯ ನಂಬರಿನ ಅಂಗಿ ಯಾರಿಗೂ ಬೇಡ.

ಪೆಲೆಯ ಕಥೆ ಬಹಳ ಹೊತ್ತು ತೆಗೆದುಕೊಂಡಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. 1982ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಹೆಸರುಗಳ ಅಕಾರಾದಿಯಂತೆ ಸಂಖ್ಯೆ ಹಂಚಿದ್ದರಿಂದ ಮಧ್ಯಭಾಗದ ಆಟಗಾರ ಆರ್ಡಿಲೆಸ್ 1 ತೊಟ್ಟರು. ಮರಡೋನಾಗೆ ಮಾತ್ರ ರಿಯಾಯಿತಿ ದೊರೆತು 10 ಉಳಿಯಿತು. 1993ರಿಂದ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಇಡೀ ಋತುವಿಗೆ ಒಬ್ಬರಿಗೆ ಒಂದೇ ಸಂಖ್ಯೆಯೆಂದು ನಿಗದಿಪಡಿಸಿ, ಹೆಸರನ್ನೂ ಬರೆಸಿತು. ಇಟಲಿಯ ಇಂಟರ್ ತಂಡದಲ್ಲಿ 9 ಕೈತಪ್ಪಿದಾಗ ಮುಂಚೂಣಿಯ ಆಟಗಾರ ಜಮೊರಾನೊ 18 ತೊಟ್ಟು, ಒಂದಕ್ಕೆ ಎಂಟು ಕೂಡಿದರೆ ಒಂಬತ್ತೇ ಆಗಲೆಂದು ಎರಡು ಅಂಕಿಗಳ ನಡುವೆ ಕೂಡುವ ಚಿಹ್ನೆ ಹಾಕಿಸಿಕೊಂಡರು.

ಪಾಲಕರೇ, ಜೆರ್ಸಿ ಕೊಳ್ಳುವ ಮೊದಲು ಮಗ ಯಾವ ಜಾಗದಲ್ಲಿ ಆಡುತ್ತಾನೆಂದು ದಯವಿಟ್ಟು ತರಬೇತುದಾರರನ್ನು ಕೇಳಿರಿ. ಬ್ಯಾಕ್ ಎಂದರೆ 2 ಅಥವಾ 3 ಕೊಡಿಸಿರಿ. ಅವನು ಅತ್ತರೂ ಸರಿಯೇ. ನಮಸ್ಕಾರ.