ಅರವತ್ತಕ್ಕೆ ಅರಳು ಮರಳಂತೆ! ಯಾರ್ರೀ ಹೇಳಿದ್ದು?

ಎಲ್ರಿಗೂ ನಮಸ್ಕಾರ. ಇವತ್ತು ಪಿಂಚಣಿದಾರರ ಜೀವನ ಪ್ರಮಾಣಪತ್ರದ ಬಗ್ಗೆ ಮಾತಾಡ್ತೀನಿ ಅಂತ ಹೇಳಿದ್ದೆ. ಅದು ಮುಂದಿನ ವಾರಕ್ಕಿರ್ಲಿ. ನಿನ್ನೆ ರಾತ್ರಿ ಒಂದು ಕಾಮೆಂಟ್ ಓದಿದೆ, ಆಮೇಲೆ ನಿದ್ದೆ ಹತ್ತಲೇ ಇಲ್ಲ.

ಹೋದ ಸಲ ಡಿಮೆನ್ಷಿಯಾ ಬಗ್ಗೆ, ಮರೆವಿನ ಕಾಯಿಲೆ ಬಗ್ಗೆ ಎರಡು ಮಾತು ಹೇಳಿದ್ನಲ್ಲ, ಅದರ ಕೆಳಗೆ ನಮ್ಮ ವಯಸ್ಸಿನವರೇ ಒಬ್ರು ಬರ್ದಿದ್ದಾರೆ. "ಮೇಡಂ, ಅರವತ್ತಕ್ಕೆ ಅರಳು ಮರಳು ಅಂತ ಹಿರಿಯರೇ ಹೇಳಿದ್ದಾರೆ. ನಮ್ಮ ಮನೆಯವಳೂ ಹಾಲಿನವನಿಗೆ ಒಂದೇ ತಿಂಗಳಲ್ಲಿ ಎರಡು ಸಲ ದುಡ್ಡು ಕೊಡ್ತಾಳೆ. ಅದಕ್ಕೆಲ್ಲ ಡಾಕ್ಟ್ರ ಹತ್ರ ಓಡಕ್ಕಾಗುತ್ತಾ? ವಯಸ್ಸಾದವರನ್ನ ಸುಮ್ನೆ ಹೆದರಿಸ್ಬೇಡಿ." ಇದಕ್ಕೆ ಬೇಕಾದಷ್ಟು ಜನ ಲೈಕ್ ಬೇರೆ ಒತ್ತಿದ್ದಾರೆ.

ಸಾರ್, ವಯಸ್ಸು ಬೇರೆ, ಕಾಯಿಲೆ ಬೇರೆ. ಇವತ್ತು ನಾನು ಹೇಳೋದು ಇದೊಂದೇ ಮಾತು.

2023ರಲ್ಲಿ ನಮ್ಮ ದೇಶದ್ದೇ ಸಮೀಕ್ಷೆ ಬಂತು. ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಜನಕ್ಕೆ ಡಿಮೆನ್ಷಿಯಾ ಇದೆ, ಒಟ್ಟು ಸುಮಾರು 88 ಲಕ್ಷ ಜನ. ದೊಡ್ಡ ಸಂಖ್ಯೆ, ಒಪ್ತೀನಿ. ಆದ್ರೆ ತಿರುಗಿಸಿ ಲೆಕ್ಕ ಹಾಕಿ. ನೂರರಲ್ಲಿ ಉಳಿದ 92 ಜನಕ್ಕೆ ವಯಸ್ಸಾಗಿಲ್ವಾ? ಅವರೂ ಅರವತ್ತು ದಾಟಿದವರೇ ತಾನೇ? ವಯಸ್ಸಾದ್ರೆ ಬರೋದೇ ಆಗಿದ್ರೆ ಎಲ್ರಿಗೂ ಬರ್ಬೇಕಿತ್ತು.

ನಿಘಂಟು ಮಾಡಿದ ಜಿ. ವೆಂಕಟಸುಬ್ಬಯ್ಯನವರು, ನಮ್ಮ ಜೀವಿ, 2011ರಲ್ಲಿ ಬೆಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ ಅವರಿಗೆ 97 ವರ್ಷ. 107 ವರ್ಷ ಬದುಕಿದ್ರು. ಯಾವ ಪದ ಕೇಳಿದ್ರೂ ಅದರ ಮೂಲ, ಬೇರು, ಬಳಕೆ ಎಲ್ಲ ಬಿಡಿಸಿಡೋರು. ಎಲ್ಲಿತ್ರೀ ಅರಳು ಮರಳು? ಈಗ ಇನ್ನೊಂದು ಕೇಳಿ. ಡಿಮೆನ್ಷಿಯಾದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣೋ ಬಗೆ ಅಲ್ಜೈಮರ್ ಕಾಯಿಲೆ. ಡಾಕ್ಟರ್ ಅಲ್ಜೈಮರ್ 1906ರಲ್ಲಿ ಅದನ್ನ ಮೊದಲ ಸಲ ಜಗತ್ತಿನ ಮುಂದಿಟ್ರಲ್ಲ, ಅವರು ನೋಡಿದ ಆ ಹೆಣ್ಮಗಳು ಆಗುಸ್ಟೆ ಡೀಟರ್. ಫ್ರಾಂಕ್‌ಫರ್ಟ್ ಆಸ್ಪತ್ರೆಗೆ ಸೇರಿದಾಗ ಆಕೆಗೆ 51. ಐವತ್ತೊಂದಕ್ಕೆ ಯಾವ ಅರಳು ಮರಳು ಸಾರ್? ವಯಸ್ಸು ಬೇರೆ, ಕಾಯಿಲೆ ಬೇರೆ! ವಯಸ್ಸಾದಷ್ಟೂ ಬರೋ ಸಾಧ್ಯತೆ ಜಾಸ್ತಿ, ಅದು ನಿಜ. ಹಾರ್ಟ್ ಅಟ್ಯಾಕೂ ಹಾಗೇ ಅಲ್ವಾ? ಎದೆ ಹಿಡ್ಕೊಂಡು ಕೂತವರಿಗೆ ವಯಸ್ಸಾಯ್ತು ಬಿಡಿ ಅಂತೀರಾ?

ಇಷ್ಟು ಸಿಟ್ಟು ಯಾಕೆ ಅಂತ ಕೇಳ್ಬಹುದು. ನಮ್ಮಕ್ಕ ಬೀದಿಯ ಹೆಂಗಸರನ್ನ ಸೇರಿಸ್ಕೊಂಡು ಚೀಟಿ ನಡೆಸ್ತಿದ್ಲು. 20 ಜನ, ತಿಂಗಳಿಗೆ 500 ರೂಪಾಯಿ. ಪುಸ್ತಕ ಇಲ್ಲ, ಪೆನ್ನಿಲ್ಲ, ಎಲ್ಲಾ ಬಾಯಿಲೆಕ್ಕ. ಯಾರು ಕೊಟ್ರು, ಯಾರದ್ದು ಬಾಕಿ, ಯಾರು ಯಾವ ತಿಂಗಳು ಎತ್ತಿದ್ರು, ಹೂ ಕಟ್ಟುತ್ತಾ ಕಟ್ಟುತ್ತಾ ಒಪ್ಪಿಸೋಳು. ಒಂದಿನ ಎದುರುಮನೆಯವಳ ಹತ್ರ ಆ ತಿಂಗಳ ದುಡ್ಡು ಎರಡನೇ ಸಲ ಕೇಳಿದ್ಲು. "ಬೆಳಗ್ಗೆ ತಾನೇ ಕೊಟ್ನಲ್ಲ ಅಕ್ಕ" ಅಂದ್ರೆ, ಕೊಟ್ಟೇ ಇಲ್ಲ ಅಂತ ಜಗಳಕ್ಕೆ ನಿಂತ್ಲು. ಬೀದಿಯವರು ದುಡ್ಡಿನಾಸೆ ಅಂದ್ರು. ಮನೆಯವರು ವಯಸ್ಸಾಯ್ತು ಅಂದ್ರು. ನಾನೂ ಅದನ್ನೇ ಅಂದೆ. ಹೀಗೆ ಮೂರು ವರ್ಷ ಕಳೆದ್ವು.

ಕೊನೆಗೆ ತೋರಿಸಿದಾಗ ಡಾಕ್ಟ್ರು ಒಂದು ಹಾಳೆ ಕೊಟ್ಟು, ಗಡಿಯಾರ ಬರೀರಮ್ಮ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದ್ರು. ಅಕ್ಕ ವೃತ್ತ ಎಷ್ಟು ದುಂಡಗೆ ಬರೆದ್ಲು ಗೊತ್ತಾ! ಐವತ್ತು ವರ್ಷ ರಂಗೋಲಿ ಹಾಕಿದ ಕೈ. ಆಮೇಲೆ ಒಂದರಿಂದ ಹನ್ನೆರಡರವರೆಗೂ ಅಂಕಿಗಳನ್ನೆಲ್ಲ ಬಲಗಡೆಗೇ ಒತ್ತಿ ಒತ್ತಿ ಬರೆದ್ಲು. ಎಡಗಡೆ ಪೂರ್ತಿ ಖಾಲಿ. ಮುಳ್ಳು ಹಾಕಲೇ ಇಲ್ಲ. ನಾನು ಪಕ್ಕದಲ್ಲಿ ಕೂತಿದ್ದೆ. ಆ ಹಾಳೆ ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಎಲ್ರಿಗೂ ಮರೆವಿರುತ್ತೆ ಅಂತೀರಿ. ಇರುತ್ತೆ. ಪಕ್ಕದ್ಮನೆ ಅಳಿಯನ ಹೆಸರು ಬಾಯಿಗೇ ಬರಲ್ಲ, ಸ್ನಾನ ಮಾಡುವಾಗ ತಟ್ಟಂತ ನೆನಪಾಗುತ್ತೆ. ಅದು ವಯಸ್ಸು. ಊಟ ಆಗಿದ್ದೇ ಗೊತ್ತಿಲ್ಲದೆ ತಟ್ಟೆ ಮುಂದೆ ಕೂತ್ಕೊಳ್ಳೋದು, ದಿನಾ ಹೋಗೋ ದೇವಸ್ಥಾನದಿಂದ ಮನೆಗೆ ದಾರಿ ತಪ್ಪೋದು, ಇದು ವಯಸ್ಸಲ್ಲ.

ಇನ್ನೊಬ್ರು, ದಿನಾ ಸುಡೋಕು ಮಾಡ್ತೀನಿ, ಸಹಸ್ರನಾಮ ಹೇಳ್ತೀನಿ, ನನಗೆ ಬರಲ್ಲ ಅಂತ ಬರ್ದಿದ್ದಾರೆ. ಮಾಡಿ, ಹೇಳಿ, ಒಳ್ಳೇದೇ. ಆದ್ರೆ ಅದು ರಕ್ಷಾಕವಚ ಅಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಗೊತ್ತಲ್ಲ? 1974ರಲ್ಲಿ ಮುಷ್ಕರ ಮಾಡಿಸಿ ದೇಶದ ರೈಲು ನಿಲ್ಲಿಸಿದ ಮನುಷ್ಯ, ಎಷ್ಟೊಂದು ಭಾಷೆ ಆಡ್ತಿದ್ದವರು. 2019ರಲ್ಲಿ ತೀರ್ಕೊಳ್ಳೋ ಮುಂಚೆ ಎಷ್ಟೋ ವರ್ಷ ಅಲ್ಜೈಮರ್‌ನಲ್ಲಿ ಕಳೆದ್ರು. ಬುದ್ಧಿ ಕಮ್ಮಿ ಇತ್ತಾ ಅವರಿಗೆ?

ವಾಸಿ ಆಗದ ಮೇಲೆ ಡಾಕ್ಟ್ರು ಯಾಕೆ ಅಂತಾರೆ. ಈ ಮಾತು ಕೇಳಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಮರೆತಿದ್ದೆಲ್ಲ ಡಿಮೆನ್ಷಿಯಾ ಅಂತ ನಿಮಗೆ ಹೇಳಿದ್ಯಾರು? ವಿಟಮಿನ್ ಬಿ12 ಕಮ್ಮಿ ಆದ್ರೂ ಮರೆವು ಬರುತ್ತೆ. ನಮ್ಮಂಥ ಸಸ್ಯಾಹಾರಿಗಳಿಗೆ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗ್ತಿರೋರಿಗೆ ಅದು ಕಮ್ಮಿ ಆಗೋ ಸಾಧ್ಯತೆ ಜಾಸ್ತಿ. ಥೈರಾಯ್ಡ್‌ನಿಂದ ಬರುತ್ತೆ, ಮನಸ್ಸು ಕುಗ್ಗಿದ್ರೂ ಬರುತ್ತೆ. ಇವಕ್ಕೆಲ್ಲ ಔಷಧಿ ಇದೆ. ನಿಜವಾಗ್ಲೂ ಡಿಮೆನ್ಷಿಯಾನೇ ಆಗಿದ್ರೂ ಅದರ ಲಕ್ಷಣಗಳನ್ನ ಸ್ವಲ್ಪ ಕಾಲ ಹತೋಟಿಯಲ್ಲಿಡೋಕೆ ಸಹಾಯ ಮಾಡೋ ಮಾತ್ರೆಗಳಿವೆ. ತಿಳಿವಳಿಕೆ ಸರಿ ಇದ್ದಾಗ್ಲೇ ಬ್ಯಾಂಕು, ವಿಲ್ಲು ಎಲ್ಲ ನೋಡ್ಕೊಳ್ಬಹುದು. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರು ಡಿಮೆನ್ಷಿಯಾ ಅಪಾಯ ಹೆಚ್ಚಿಸೋ 14 ಕಾರಣ ಪಟ್ಟಿ ಮಾಡಿದ್ದಾರೆ. ಬಿಪಿ, ಶುಗರ್, ಕಿವಿ ಮಂದ ಆಗೋದು, ಒಂಟಿತನ, ಹೀಗೆ. ಇವನ್ನ ಸರಿ ಮಾಡ್ಕೊಂಡ್ರೆ ಹತ್ತಿರ ಹತ್ತಿರ ಅರ್ಧದಷ್ಟು ಡಿಮೆನ್ಷಿಯಾ ತಡೀಬಹುದು, ಇಲ್ಲಾ ಮುಂದಕ್ಕೆ ಹಾಕ್ಬಹುದು ಅಂತಾರೆ. ಕಿವಿ ಮಿಷನ್ನು ಹಾಕ್ಕೊಳ್ಳೋಕೆ ನಾಚ್ಕೋತೀರಲ್ಲ, ಈಗ್ಲಾದ್ರೂ ಹಾಕ್ಕೊಳ್ಳಿ.

ನಿಮ್ಹಾನ್ಸ್ ಅಂದ ಕೂಡ್ಲೇ, ಅಯ್ಯೋ ಹುಚ್ಚಾಸ್ಪತ್ರೆ, ಮೊಮ್ಮಗಳ ಮದುವೆಗೆ ತೊಂದರೆ ಅಂತಾರೆ! ಪಾರ್ಶ್ವವಾಯು ಆದವರು, ಫಿಟ್ಸ್ ಬರೋರು ಎಲ್ಲಾ ಅಲ್ಲಿಗೇ ಹೋಗ್ತಾರೆ ಕಣ್ರೀ. ಹೋಗೋಕೆ ಆಗದಿದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಚಾನೆಲ್ ಸಬ್‌ಸ್ಕ್ರೈಬ್ ಮಾಡದೇ ಇರೋರು ಮಾಡಿ, ಗಂಟೆ ಗುರುತೂ ಒತ್ತಿ. ಈ ವಿಡಿಯೋನ ನಿಮ್ಮ ವಾಕಿಂಗ್ ಗುಂಪಿಗೆ, ಭಜನಾ ಮಂಡಳಿ ಗುಂಪಿಗೆ ಕಳಿಸಿ. ದಿನಾ ಗುಡ್ ಮಾರ್ನಿಂಗ್ ಹೂವು ಕಳಿಸ್ತೀರಲ್ಲ, ನಾಳೆ ಒಂದಿನ ಇದನ್ನ ಕಳಿಸಿ.

ಇನ್ನೂ ಬರ್ಕೊಂಡಿದ್ದೆ, ಬೇಡ ಬಿಡಿ. ಅರಳು ಮರಳು ಅನ್ನೋ ಮಾತು ಬಾಯಿಂದ ಬಿಡಿ, ಅಷ್ಟೇ. ವಯಸ್ಸು ಬೇರೆ, ಕಾಯಿಲೆ ಬೇರೆ, ಬೇರೆ, ಬೇರೆ!

ಕಾಮೆಂಟ್ ಹಾಕಿದ ಸಾರ್, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ಆದ್ರೆ ಆ ಹಾಲಿನ ದುಡ್ಡಿನ ವಿಷಯ ನೀವೇ ಬರ್ದಿದ್ದೀರಿ, ನಾನು ಕೇಳಿರ್ಲಿಲ್ಲ. ಅಂದ್ರೆ ಎಲ್ಲೋ ಒಂದು ಕಡೆ ನಿಮಗೂ ಅಳುಕಿದೆ. ಈ ಸೋಮವಾರ ಅವರನ್ನ ಕರ್ಕೊಂಡು ಹೋಗಿ. ಬೈದು ಕರ್ಕೊಂಡು ಹೋಗ್ಬೇಡಿ, ಬಿಪಿ ತೋರಿಸ್ಕೊಂಡು ಬರೋಣ ಬಾ ಅನ್ನಿ, ನಿಮ್ಮದನ್ನೂ ತೋರಿಸ್ಕೊಳ್ಳಿ. ಬಂದ್ಮೇಲೆ ಅದೇ ಕಾಮೆಂಟ್ ಕೆಳಗೆ ಒಂದು ಸಾಲು ಬರೀರಿ. ನಾನು ದಿನಾ ನೋಡ್ತಿರ್ತೀನಿ.